ಐದು ಗುಳ್ಳದ ಫೋಟೋ

ಬದನೆಕಾಯಿಗೂ ಚೆಂದದ ಮಗ್ಗುಲು, ಸಾಧಾರಣ ಮಗ್ಗುಲು ಎಂದು ಎರಡಿರುತ್ತವೆ ಎಂದರೆ ನೀವು ನಗುತ್ತೀರಿ. ಮೂರು ವರ್ಷದ ಹಿಂದಾದರೆ ನಾನೂ ನಗುತ್ತಿದ್ದೆ. ಈಗ, ಆಗಷ್ಟೇ ಕೊಯ್ದ ಗುಳ್ಳವನ್ನು ಮದುವೆ ಹೆಣ್ಣಿನ ಫೋಟೋ ತೆಗೆಯುವವನ ಹಾಗೆ ‘ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ’ ಎಂದು ತಿರುಗಿಸುತ್ತ ಅರ್ಧ ಗಂಟೆ ಕಳೆಯಬಲ್ಲೆ. ಗುಳ್ಳ ಎಂದರೆ ನಮ್ಮ ಉಡುಪಿ ಕಡೆಯ ದುಂಡು ಹಸಿರು ಬದನೆ. ಎಲೆಯ ಮರೆಯಲ್ಲಿದ್ದ ಕೆನ್ನೆ ಬಿಳಿಚಿಕೊಂಡಿರುತ್ತದೆ, ಬಿಸಿಲು ಕಂಡ ಕೆನ್ನೆಯಲ್ಲಿ ತೆಳು ಗೆರೆಗಳು ಎದ್ದು ಕಾಣುತ್ತವೆ. ನಾನು ತೆಗೆಯುವುದು ಗೆರೆಯ ಕಡೆಯಿಂದ.

ಇದು ನಗೆಪಾಟಲಿನ ವಿಷಯವೆಂದು ನನಗೇ ಗೊತ್ತು. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರು ನೋಡಿಕೊಂಡವನು ನಾನು. ಬೆಳಿಗ್ಗೆ ಟೆಂಪೋದಿಂದ ಇಳಿಯುವ ತರಕಾರಿ ಮೂಟೆಗಳನ್ನು ಗುದ್ದಿ, ಮೂಸಿ, ಬೆಂಡೆಯ ತುದಿ ಮುರಿದು ಸದ್ದು ಕೇಳಿ, ಒಳಗೆ ಬಿಡುವುದೋ ವಾಪಸು ಕಳಿಸುವುದೋ ಎಂದು ತೀರ್ಮಾನಿಸುವುದು ನನ್ನ ಕೆಲಸ. ಅಲ್ಲಿ ತರಕಾರಿ ಎಂದರೆ ಮೂಟೆ. ಒಂದು ಬದನೆಕಾಯಿಯನ್ನು ಒಂದೇ ಒಂದಾಗಿ ನಾನು ಅಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ.

ಕೆಲಸ ಬಿಟ್ಟು ಗೋರೆಗಾಂವ್‌ನ ಮನೆಯಲ್ಲಿ ಕೈಕಟ್ಟಿ ಕೂತಾಗ, ಊರಿನಿಂದ ಅಕ್ಕ ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಗುಳ್ಳದ ಬೀಜ ಕಳಿಸಿದಳು. ಏಳು ಮಾಳಿಗೆಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ನೀರಿನ ಟಾಂಕಿಯ ಹಿಂದೆ, ಹಳೆಯ ಪೇಂಟಿನ ಡಬ್ಬಗಳಲ್ಲಿ ನನ್ನ ತೋಟ ಶುರುವಾಯಿತು. ಟಾಂಕಿಯ ಹಿಂದೆ ಯಾಕೆಂದರೆ, ಟೆರೇಸಿನಲ್ಲಿ ಗಿಡ ಇಡಬಾರದೆಂದು ನಮ್ಮ ಸೊಸೈಟಿಯ, ಅಂದರೆ ಬಿಲ್ಡಿಂಗಿನ ಮನೆಯವರ ಸಂಘದ, ನಿಯಮ. ನೀರು ಇಂಗಿ ಕೆಳಗಿನ ಮನೆಗೆ ಸೋರುತ್ತದಂತೆ. ಹಾಗಾಗಿ ನನ್ನದು ಕಳ್ಳ ತೋಟ.

ಕನ್ನಡಿಗರಾದ ನಾವು ಬದನೆಗೆ ಮಾಡಿದ ಅನ್ಯಾಯ ಅಷ್ಟಿಷ್ಟಲ್ಲ. ಕೆಲಸಕ್ಕೆ ಬಾರದ ಓದಿಗೆ ‘ಪುಸ್ತಕದ ಬದನೆಕಾಯಿ’ ಎನ್ನುತ್ತೇವೆ. ಪುಸ್ತಕದ ತೊಂಡೆಕಾಯಿ ಎಂದು ಯಾರಾದರೂ ಹೇಳಿದ್ದುಂಟೇ? ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂದು ಗಾದೆ ಮಾಡಿ, ಕಪಟಿಗಳ ಪಂಕ್ತಿಯಲ್ಲಿ ಅದನ್ನು ಬಡಿಸಿಬಿಟ್ಟಿದ್ದೇವೆ. ನನ್ನ ಫೋಟೋಗಳು ಈ ಹಳೆಯ ಅಪಮಾನಕ್ಕೆ ನಾನು ಮಾಡಿದ ಸಣ್ಣ ಪ್ರಾಯಶ್ಚಿತ್ತ ಎಂದು ಒಮ್ಮೆ ಹೆಂಡತಿಗೆ ವಿವರಿಸಿದೆ. ಅವಳು ಒಗ್ಗರಣೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದಳು.

ಹೆಂಡತಿ ಸುಮತಿಯದು ಒಂದು ಶಾಸನವಿದೆ. ಎಳೆ ಕಾಯಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ. ನಮ್ಮಮ್ಮನೂ ಹಾಗೆಯೇ ಹೇಳುತ್ತಿದ್ದಳು. ಸುಮತಿಯ ಪ್ರಕಾರ ಫೋನು ಬೆರಳಿಗಿಂತ ದೊಡ್ಡ ಅಪಾಯ. ಆದ್ದರಿಂದ ಗಿಡದಲ್ಲಿರುವಾಗ ಫೋಟೋ ತೆಗೆಯುವ ಹಾಗಿಲ್ಲ. ಕೊಯ್ದ ಮೇಲೆ, ತೊಟ್ಟು ಇನ್ನೂ ಹಸಿಯಾಗಿರುವಾಗ, ಟೆರೇಸಿನ ನೆಲದ ಮೇಲೆ ಸಾಲಾಗಿ ಇಟ್ಟು ತೆಗೆಯುತ್ತೇನೆ. ಬಿಳಿ ಟೈಲ್ಸಿನ ಚೂರುಗಳನ್ನು ಒತ್ತಿ ಮಾಡಿದ ಆ ನೆಲದ ಮೇಲೆ ಹಸಿರು ಹೇಗೆ ಎದ್ದು ಕಾಣುತ್ತದೆಂದರೆ, ಯಾವ ಸ್ಟುಡಿಯೋದ ಪರದೆಯೂ ಬೇಡ.

ಆ ನೆಲವೇ ನನ್ನನ್ನು ಹಿಡಿದುಕೊಟ್ಟಿತು. ಕಳೆದ ಫೆಬ್ರವರಿಯಲ್ಲಿ ಒಂದೇ ದಿನ ಐದು ಗುಳ್ಳ ಸಿಕ್ಕವು. ಐದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಮನಸ್ಸು ಹಿಡಿತದಲ್ಲಿ ಉಳಿಯಲಿಲ್ಲ, ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಆಮೇಲೆ ಗಳಿಗೆಗೊಮ್ಮೆ ಯಾರು ಯಾರು ನೋಡಿದರೆಂದು ಪಟ್ಟಿ ತೆರೆದು ಓದುತ್ತ ಕೂತೆ. ಅಕ್ಕ ನೋಡಿದಳು. ಹೋಟೆಲಿನ ಹಳೆಯ ಭಟ್ಟರು ನೋಡಿದರು. ಅವರ ಕೆಳಗೆ ನಮ್ಮ ಸೊಸೈಟಿಯ ಸೆಕ್ರೆಟರಿ ಸಾವಂತ್ ಮೇಡಂ ಹೆಸರು ಕಂಡಾಗ ಮೊದಲು ಹೆಮ್ಮೆಯಾಯಿತು. ಆಮೇಲೆ, ಗುಳ್ಳದ ಕೆಳಗಿನ ಆ ಬಿಳಿ ಚೂರುಗಳ ನೆಲ ಯಾವ ಟೆರೇಸಿನದೆಂದು ಅವರಿಗೆ ಗೊತ್ತಾಗದೆ ಇರದು ಎಂದು ಹೊಳೆಯಿತು.

ಮರುವಾರ ಸೊಸೈಟಿ ಮೀಟಿಂಗು. ಏಳನೇ ಮಾಳಿಗೆಯ ದೇಸಾಯಿಯವರ ಛಾವಣಿಯಲ್ಲಿ ಒದ್ದೆಯ ಕಲೆ ಮೂಡಿದೆಯೆಂದು ಮೊದಲೇ ದೂರಿತ್ತು. ತೋಟ ಉಳಿಯುವ ದಾರಿ ಒಂದೇ ಎಂದು ಸುಮತಿ ಹೇಳಿಕೊಟ್ಟಳು.

“ಮಾರ್ಕೆಟಿಂದ ತಂದದ್ದು, ಬೆಳಕು ಚೆಂದ ಉಂಟು ಅಂತ ಟೆರೇಸಿಗೆ ಹೋದದ್ದು. ಅಷ್ಟು ಹೇಳಿ ಬಾಯಿ ಮುಚ್ಚಿ ಕೂತುಕೊಳ್ಳಿ. ಟಾಂಕಿ ಹಿಂದೆ ಹೋಗಿ ಯಾರು ನೋಡ್ತಾರೆ?”

ಉಪಾಯ ಒಳ್ಳೆಯದಿತ್ತು. ಲಿಫ್ಟಿನಲ್ಲಿ ಇಳಿಯುವಾಗ ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು ರೂಢಿ ಮಾಡಿದೆ.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಇಪ್ಪತ್ತು ಜನ ಕೂತಿದ್ದರು. ಸಾವಂತ್ ಮೇಡಂ ನನ್ನ ಫೋಟೋವನ್ನು ಬಣ್ಣದಲ್ಲಿ, ಇಡೀ ಹಾಳೆಯ ತುಂಬ ಪ್ರಿಂಟು ಮಾಡಿಸಿ ತಂದಿದ್ದರು. ಅದು ಕೈಯಿಂದ ಕೈಗೆ ದಾಟಿತು. ಆರೋಪಿಯ ಕುರ್ಚಿಯಲ್ಲಿ ಕೂತವನು ನಾನು, ಆದರೆ ನಿಜ ಹೇಳುತ್ತೇನೆ, ನನ್ನ ಗುಳ್ಳವನ್ನು ಅಷ್ಟು ದೊಡ್ಡದಾಗಿ ನಾನು ನೋಡಿದ್ದು ಅದೇ ಮೊದಲು. ಗೆರೆಗಳು ಎಷ್ಟು ಸ್ಪಷ್ಟವಾಗಿ ಬಂದಿದ್ದವು!

ಮೇಡಂ ಕೆಟ್ಟವರಲ್ಲ, ಜಗಳ ಅವರಿಗೂ ಬೇಡ. ಎದ್ದು ನಿಂತ ನನಗೆ ಅವರೇ ದಾರಿ ತೋರಿಸಿದರು. “ಅಂಕಲ್, ಯೇ ಸಬ್ ಬಾಜಾರ್ ಸೆ ಲಾಯೆ ನಾ? ಸಿರ್ಫ್ ಫೋಟೋ ಊಪರ್ ನಿಕಾಲಾ ನಾ?”

ಇದೆಲ್ಲ ಬಾಜಾರಿನಿಂದ ತಂದದ್ದು, ಮೇಲೆ ಬರೀ ಫೋಟೋ ತೆಗೆದದ್ದು, ಅಲ್ಲವೇ ಎಂಬುದಕ್ಕೆ ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಬಾಜಾರ್ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗಿನ ಸ್ಟೋರಿನವನು ಎದ್ದು ಕೂತ. ಬಾಜಾರಿನದ್ದೇ? ಇದನ್ನೇ? ಲೆಕ್ಕವಿಲ್ಲದಷ್ಟು ಮೂಟೆ ನನ್ನ ಕೈಯಿಂದ ದಾಟಿ ಹೋಗಿವೆ. ಅವುಗಳಲ್ಲಿ ಒಂದು ಕಾಯನ್ನೂ ನಾನು ನನ್ನದು ಎಂದಿರಲಿಲ್ಲ. ಅರವತ್ತು ದಾಟಿದ ಮೇಲೆ ಐದೇ ಐದು ನನ್ನವಾಗಿವೆ. ಅವನ್ನು ಇಪ್ಪತ್ತು ಜನರ ಎದುರು ಬೇರೆ ಯಾರದೋ ಮಾಡಿಬಿಡುವುದೇ? ಗಂಟಲಲ್ಲಿ ಸುಳ್ಳು ಸಿದ್ಧವಾಗಿಯೇ ಇತ್ತು. ಹೊರಗೆ ಬಂದದ್ದು ಬೇರೆ.

“ನಹೀ ಮೇಡಂ. ಮೇರಾ ಹೈ. ಬೀಜ ಸೆ ಮೈನೇ ಲಗಾಯಾ. ಟಾಂಕಿ ಕೆ ಪೀಛೆ ಹೈ, ಆಯಿಯೇ, ದಿಖಾತಾ ಹೂಂ.”

ನನ್ನದೇ, ಬೀಜ ಹಾಕಿ ನಾನೇ ಬೆಳೆದದ್ದು, ಟಾಂಕಿಯ ಹಿಂದಿದೆ, ಬನ್ನಿ ತೋರಿಸುತ್ತೇನೆ ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿ ಸುಮತಿ ಹಣೆಗೆ ಕೈ ಹಚ್ಚಿದಳು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೂದಿಯ ವಿಷಯ, ಬೇವಿನ ಹಿಂಡಿಯ ವಿಷಯ ಎಲ್ಲ ಹೇಳಿದೆ. ಇದರ ಭಾಜಿ, ಅಂದರೆ ಪಲ್ಯ, ಹೇಗೆ ಮಾಡುತ್ತೀರಿ ಎಂದು ದೇಸಾಯಿಯವರ ಹೆಂಡತಿ ಕೇಳಿದರು, ಅದನ್ನೂ ಹೇಳಿದೆ. ಅವರ ಛಾವಣಿಯ ಕಲೆಗೆ ನನ್ನ ಡಬ್ಬಗಳೇ ಕಾರಣವೋ ಏನೋ, ಅಲ್ಲವೆಂದು ಎದೆ ತಟ್ಟಿ ಹೇಳಲಾರೆ. ಹಾಗಾಗಿ ಗಿಡ ತೆಗೆಯಬೇಕೆಂದು ತೀರ್ಮಾನವಾದಾಗ ಒಪ್ಪಿಕೊಂಡೆ.

ಸತ್ಯ ಹೇಳಿದೆನೆಂದು ನೀವು ನನ್ನನ್ನು ಹೊಗಳಬೇಡಿ. ಆ ದಿನ ನನ್ನಿಂದ ಸತ್ಯ ಹೇಳಿಸಿದ್ದು ಶುದ್ಧ ಜಂಭ. ಧರ್ಮಬುದ್ಧಿಯನ್ನೇ ನಂಬಿ ನಿಂತಿದ್ದರೆ ನಾನು ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ. ಜಂಭವೂ ಒಮ್ಮೊಮ್ಮೆ ಒಳ್ಳೆಯ ಕೆಲಸ ಮಾಡುತ್ತದೆ.

ಗಿಡಗಳನ್ನು ಕೆಳಗಿಳಿಸಿದ್ದಾಯಿತು. ಅಡುಗೆಮನೆಯ ಕಿಟಕಿಯ ಗ್ರಿಲ್ಲಿನಲ್ಲಿ ನಾಲ್ಕು ಡಬ್ಬಕ್ಕೆ ಜಾಗವಾಯಿತು. ಉಳಿದ ಗಿಡಗಳನ್ನು ಕಿತ್ತ ದಿನ ನನಗೆ ಅನ್ನ ಸೇರಲಿಲ್ಲ.

ಆದರೆ ಅದಕ್ಕೂ ಮೊದಲಿನ ಒಂದು ಸಂಗತಿ ಹೇಳಬೇಕು. ಮೀಟಿಂಗಾದ ನಾಲ್ಕನೇ ದಿನ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಸಭೆಯ ನಡಾವಳಿ ಅಂಟಿಸಿದ್ದರು. ಇಂಗ್ಲಿಷಿನಲ್ಲಿತ್ತು. ಅದರ ತಾತ್ಪರ್ಯ: ‘ಟೆರೇಸಿನಲ್ಲಿ ಶ್ರೀ ರಾವ್ ಅವರು ಸ್ವತಃ ಬೆಳೆದಿರುವ ಬದನೆ ಗಿಡಗಳನ್ನು ಹದಿನೈದು ದಿನದೊಳಗೆ ತೆಗೆಯತಕ್ಕದ್ದು.’ ಸುಮತಿ ‘ತೆಗೆಯತಕ್ಕದ್ದು’ ಎಂಬಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದಳು. ನಾನು ‘ಸ್ವತಃ ಬೆಳೆದಿರುವ’ ಎಂಬಲ್ಲಿಯೇ ನಿಂತಿದ್ದೆ. ಲಿಫ್ಟು ಬಂದು, ಬಾಗಿಲು ತೆರೆದು, ನಮ್ಮನ್ನು ಕಾದು, ಮುಚ್ಚಿಕೊಂಡು ಮೇಲೆ ಹೋಯಿತು. ನಾನು ಫೋನು ತೆಗೆದೆ. ಟ್ಯೂಬ್‌ಲೈಟಿನ ಬೆಳಕು ಅಕ್ಷರದ ಮೇಲೆ ಹೊಳೆಯದ ಹಾಗೆ ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ಸರಿದು, ಸೆಕ್ರೆಟರಿಯ ಸಹಿ ಮತ್ತು ಸೊಸೈಟಿಯ ಸೀಲು ಎರಡೂ ಬರುವಂತೆ ಒಂದು ಫೋಟೋ ಹೊಡೆದು, ಅಲ್ಲೇ ನಿಂತು ಸ್ಟೇಟಸ್ಸಿಗೆ ಹಾಕಿದೆ.