ಹನ್ನೆರಡನೆಯ ಪಾಲಿಸಿ ಮತ್ತು ಪದ್ಮಕ್ಕ

ಪದ್ಮಕ್ಕ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಗೋಡೆಯ ಮೊಳೆಗಳನ್ನು. ಪೀರನವಾಡಿಯ ನಮ್ಮ ಮನೆಗೆ ಸೀರೆಗೆ ಫಾಲ್ ಹಚ್ಚಿಸಲು ಬಂದ ದಿನವೂ ಹಾಗೆಯೇ. ಸೀರೆಯನ್ನು ನನ್ನ ಕೈಗಿಟ್ಟು, ಹೊಲಿಗೆ ಯಂತ್ರದ ಮೇಲಿನ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟರು. ಅಲ್ಲಿ ನಾಲ್ಕು ಕೀಲಿಗೊಂಚಲು ತೂಗುತ್ತಿದ್ದವು.

"ಇವು ಯಾರ ಮನಿ ಕೀಲಿ?"

"ಬಾಜೂ ಮನಿಯವ್ರವ್ರೀ. ಮಚ್ಛೆ ಊರಿನ ಫ್ಯಾಕ್ಟರಿಗಿ ಕೆಲಸಕ್ಕ ಹೋಗುವಾಗ ಕೊಟ್ಟು ಹೋಗ್ತಾರ."

"ಹಂಗಾರ ನೀ ವಿಮಾ ಏಜೆಂಟ್ ಆಗವಾ."

ನನಗೆ ನಗು ಬಂತು. ಮಾತಾಡಲು ಬಾರದವಳು ನಾನು, ಎಂದೆ. "ಮಾತಾಡವ್ರು ನನ್ನ ಕಡೆ ಹದಿನಾಕ ಮಂದಿ ಅದಾರ. ಒಬ್ಬರ ಮನ್ಯಾಗೂ ಒಂದ ಕೀಲಿ ಇಲ್ಲ," ಎಂದರು.

ವಿಮಾ ಕಂಪನಿಯೊಂದಕ್ಕೆ ಏಜೆಂಟರನ್ನು ಹುಡುಕಿ, ಕಲಿಸಿ, ಬೆಳೆಸುವುದು ಅವರ ಕೆಲಸ. ಉಳಿದ ಅಧಿಕಾರಿಗಳು ಹೋಟೆಲಿನಲ್ಲಿ ಸಭೆ ಕರೆದು, ಜಾಮೂನು ತಿನ್ನಿಸಿ, ವಿದೇಶ ಪ್ರವಾಸದ ಆಸೆ ಹಚ್ಚುತ್ತಿದ್ದರು. ಪದ್ಮಕ್ಕ ಓಣಿ ಓಣಿ ತಿರುಗಿ, "ಊರಿಗಿ ಹೋಗುವಾಗ ಕೀಲಿ ಯಾರ ಕಡೆ ಕೊಡ್ತೀರಿ?" ಎಂದು ಕೇಳುತ್ತಿದ್ದರು. ಖಾನಾಪುರದಲ್ಲಿ ಅದೇ ಪ್ರಶ್ನೆ ಮರಾಠಿಯಲ್ಲಿ. ಅಲ್ಲೊಬ್ಬ ಅಜ್ಜಿ ಇವರನ್ನು ಕಳ್ಳರ ಕಡೆಯವರೆಂದು ತಿಳಿದು, ಮಗ ಬರುವವರೆಗೆ ಮಜ್ಜಿಗೆ ಕೊಟ್ಟು ಕೂಡಿಸಿಕೊಂಡಿದ್ದಳಂತೆ. ಮಗ ಬಂದ ಮೇಲೆ ಅವನಿಗೇ ಪಾಲಿಸಿ ಮಾಡಿ ಎದ್ದು ಬಂದಿದ್ದರು.

ಜೈನರಾದ ಅವರಿಗೆ ಸೂರ್ಯ ಮುಳುಗುವುದರೊಳಗೆ ಊಟ ಆಗಬೇಕು. ಅದರಿಂದ ಅವರ ಮಾತಿಗೆ ಒಪ್ಪಿ ಸೇರಿದ್ದ ನಮ್ಮೆಲ್ಲರ ತಿರುಗಾಟವೂ ಬೆಳಗಿನದೇ. ಯಾರ ಮನೆಯಲ್ಲೂ ಕುಳಿತ ಕೂಡಲೇ ಚೀಲ ಬಿಚ್ಚಲು ಬಿಡುತ್ತಿರಲಿಲ್ಲ. "ಮದಲ ಅವ್ರು ಮಾತಾಡ್ಲಿ. ಅವ್ರಿಗಿ ಯಾತರ ಅಂಜಿಕಿ ಐತಿ ಅಂತ ತಿಳೀದ ಪಾಲಿಸಿ ಮಾರೂದು ಅಂದ್ರ, ಅಳತಿ ತಗೋಳದ ಜಂಪರ್ ಹೊಲದಂಗ," ಎಂದು ನನಗೆ ಅರ್ಥವಾಗುವ ಹಾಗೆ ಹೇಳುತ್ತಿದ್ದರು.

ಏಜೆಂಟರ ಪರೀಕ್ಷೆ ಪಾಸಾದೆ. ಏಜೆಂಟ್ ಕಾರ್ಡು ಬಂತು. ಅದರಲ್ಲಿ ನನ್ನ ಫೋಟೋ, ನನ್ನ ಹೆಸರು. ಇಂಥವರ ಹೆಂಡತಿ ಎಂಬ ಸಾಲು ಇರಲಿಲ್ಲ. ಅದನ್ನು ದಿನಾ ಸೆರಗಿನಿಂದ ಒರೆಸುತ್ತಿದ್ದೆ. ಆದರೆ ವರ್ಷದೊಳಗೆ ಹನ್ನೆರಡು ಪಾಲಿಸಿ ಆಗದಿದ್ದರೆ ಕಾರ್ಡು ರದ್ದು.

ಐದು ದಿನ ಉಳಿದಾಗ ನನ್ನವು ಹನ್ನೊಂದಾಗಿದ್ದವು. ಹನ್ನೆರಡನೆಯದಕ್ಕೆ ಖಾನಾಪುರದ ಬಡಿಗ ಪರಶುರಾಮ ಒಪ್ಪಿದ್ದ. ಅವನಿಗೆ ಸಕ್ಕರೆ ಕಾಯಿಲೆ. "ಗುಳಿಗಿ ತಗೊಂಡ್ರ ಆರಾಮ ಇರ್ತೇನ್ರಿ, ಅದನ್ನೇನ ಬರೀತೀರಿ?" ಎಂದು ನನಗಷ್ಟೇ ಕೇಳುವಂತೆ ಅಂದ. ಕಾಯಿಲೆಯ ಪ್ರಶ್ನೆಗೆ ನಾನು "ಇಲ್ಲ" ಎಂದು ಬರೆದೆ. ಜೊತೆಗೆ ಬಂದಿದ್ದ ಪದ್ಮಕ್ಕ ಫಾರ್ಮು ಇಸಿದುಕೊಂಡು ಸಾಲು ಬಿಡದೆ ಓದಿದರು. ತಲೆಯೆತ್ತಿ, ಕಿಟಕಿಯಲ್ಲಿಟ್ಟಿದ್ದ ಗುಳಿಗೆಗಳನ್ನು ನೋಡಿದರು.

"ಆ ಗುಳಿಗಿ ಯಾರವು?"

"ಇವ್ರವ್ರೀ, ಸಕ್ಕರಿ ಬ್ಯಾನೀವು," ಎಂದಳು ಅವನ ಹೆಂಡತಿ ಶೈಲಾ.

ಪದ್ಮಕ್ಕ ಫಾರ್ಮನ್ನು ನಡುವೆ ಹರಿದರು.

"ಅಕ್ಕಾರ, ಐದ ದಿನಾ ಉಳದಾವ್ರೀ!"

"ಗೊತ್ತೈತಿ. ನಾಳಿ ಇವ್ರಿಗೇನರ ಆದ್ರ ಕಂಪನಿಯವ್ರು ದವಾಖಾನಿ ಕಾಗದಾ ಕೇಳ್ತಾರ. ಸುಳ್ಳು ಸಿಕ್ತಂದ್ರ ದುಡ್ಡು ಕೊಡೂದಿಲ್ಲ. ಆವಾಗ ಶೈಲಾ ಬರೂದು ನಿನ್ನ ಬಾಗಲಕ್ಕ. ಆಕಿಗಿ ಏನ್ ಹೇಳ್ತಿ?"

ಹೊಸ ಫಾರ್ಮಿನಲ್ಲಿ ನಿಜ ಬರೆಸಿದರು. ರಕ್ತ ಪರೀಕ್ಷೆ, ವೈದ್ಯರ ವರದಿ ಎಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನನ್ನ ಏಜೆನ್ಸಿ ರದ್ದಾಗಿ, ಆ ಪಾಲಿಸಿ ಬೇರೊಬ್ಬರ ಹೆಸರಿಗೆ ಹೋಯಿತು. ರವಿವಾರ ಪೇಟೆಯಲ್ಲಿದ್ದ ಕಂಪನಿಯ ಆಫೀಸಿನಲ್ಲಿ ಕಾರ್ಡನ್ನು ಪದ್ಮಕ್ಕನ ಮೇಜಿನ ಮೇಲೆ ಎಸೆದು ಬಂದೆ. ನನ್ನಿಂದಾಗಿ ಅವರ ಗುರಿಯೂ ತಪ್ಪಿ, ತುಂಬಿದ ಸಭೆಯಲ್ಲಿ ಮೇಲಿನವರು ಅವರನ್ನು ಬೈದರೆಂದು ಆಮೇಲೆ ತಿಳಿಯಿತು. ಆದರೂ ಆರು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಅಷ್ಟು ಸಿಟ್ಟು.

ಒಂದು ಬೆಳಿಗ್ಗೆ ಶೈಲಾ ಇಬ್ಬರು ನಾದಿನಿಯರನ್ನು ಕರೆದುಕೊಂಡು ನಮ್ಮ ಮನೆ ಹುಡುಕಿ ಬಂದಳು. "ನಮಗ ಪಾಲಿಸಿ ಮಾಡಿಕೊಡ್ರಿ ಬಾಯಾರ. ಗಲ್ಲೀ ಮಂದೀನೂ ಕೇಳಾಕತ್ತಾರ, ಸುಳ್ಳು ಬರದ ಫಾರ್ಮ್ ಹರದವ್ರು ಎಲ್ಲದಾರ ಅಂತ."

"ಹರದಾಕಿ ನಾ ಅಲ್ಲವಾ. ಸುಳ್ಳು ಬರದಾಕಿ ನಾನು," ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮರುದಿನವೇ ಪದ್ಮಕ್ಕನ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು, ಗುರುತು ಸಿಗದಷ್ಟು ಸೊರಗಿದ್ದರು.

"ಮತ್ತ ಪರೀಕ್ಷಾ ಕಟ್ಟತೇನ್ರಿ," ಎಂದೆ.

"ಕಟ್ಟು. ನನ್ನ ಜಾಗಾಕ್ಕ ಹೊಸಾ ಸಾಹೇಬ್ರು ಬಂದಾರ. ಲಗೂ ಲಗೂ ಅಂತಾರ. ನೀ ಗಡಿಬಿಡಿ ಮಾಡಬ್ಯಾಡ."

"ನೀವೂ ಆರಾಮಾಗಿ ಬರ್ತೀರಿ ಬಿಡ್ರಿ."

"ನೋಡು, ಮತ್ತ ಸುಳ್ಳು," ಎಂದು ನಕ್ಕರು. ನಾನು ಅವರ ಕೈ ಹಿಡಿದು ಅತ್ತೆ.

ನನ್ನ ಫಲಿತಾಂಶ ಬರುವ ಮೊದಲೇ ಅವರು ಹೋದರು. ಮತ್ತೆ ಕಾರ್ಡು ಕೈಗೆ ಬಂದ ಆ ವರ್ಷ ಬಿಸಿಲು ಮಳೆ ಎನ್ನದೆ ಖಾನಾಪುರದ ಬಸ್ಸು ಹತ್ತಿಳಿದೆ. ಗಡುವು ಮುಗಿಯಲು ಎರಡು ದಿನವಿದ್ದಾಗ ಹನ್ನೆರಡನೆಯ ಫಾರ್ಮನ್ನು ಆಫೀಸಿಗೆ ಒಯ್ದೆ. ಹೊಸ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಕೊನೆಯ ಪುಟ ತಿರುವಿ, ಸಹಿಗೆ ಪೆನ್ನು ತೆಗೆದರು.

"ಓದ್ರಿ ಸರ್," ಎಂದೆ.

"ಅದರಾಗೇನ ಓದೂದೈತ್ರಿ? ಎಲ್ಲಾ ಒಂದ ನಮೂನಿ ಇರ್ತಾವು."

ಅವರ ಕೈಯಿಂದ ಫಾರ್ಮು ಇಸಿದುಕೊಂಡೆ. ಕುರ್ಚಿ ಎಳೆದು ಅವರೆದುರು ಕುಳಿತು, ಮೊದಲ ಪ್ರಶ್ನೆಯಿಂದ ಗಟ್ಟಿಯಾಗಿ ಓದತೊಡಗಿದೆ.