ಕಾರ್ಡಿಗೆ ಹಚ್ಚಿದ ಎಣ್ಣೆ

ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ನಾನು ಅಟೆಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅಲ್ಲಿದ್ದದ್ದು ಕಬ್ಬಿಣದ ಕಪಾಟಿನಷ್ಟು ಎತ್ತರದ ಮಿನಿ ಕಂಪ್ಯೂಟರ್. ಅದನ್ನು ನಡೆಸುತ್ತಿದ್ದ ಕಾರ್ಕಳದ ಆಪರೇಟರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಗುಡಿಸುವುದು, ಒರೆಸುವುದು, ಚಾ ತರುವುದು ನನ್ನ ಕೆಲಸ. ಯಂತ್ರದ ಬಾಗಿಲು ತೆರೆಯುವ ಅಧಿಕಾರ ಅಣ್ಣನಿಗೆ ಮಾತ್ರ ಇತ್ತು.

ಒಂದು ಮಳೆಗಾಲ ಅಣ್ಣ ಗದ್ದೆ ನಾಟಿಗೆಂದು ರಜೆ ಹಾಕಿ ಊರಿಗೆ ಹೋದರು. ಒಳಗೇನಿದೆ ನೋಡೋಣವೆಂದು ನಾನು ಯಂತ್ರದ ಬಾಗಿಲು ತೆರೆದೆ. ಒಳಗೆ ಪುಸ್ತಕಗಳ ಹಾಗೆ ಸಾಲಾಗಿ ನಿಂತ ಸರ್ಕ್ಯೂಟ್ ಹಲಗೆಗಳು, ಅಣ್ಣ ಕಾರ್ಡು ಎನ್ನುತ್ತಿದ್ದದ್ದು. ಒಂದನ್ನು ಎಳೆದು ನೋಡಿದರೆ ಅಂಚಿನ ಹೊಳೆಯುವ ಪಟ್ಟಿಗಳು ಅಲ್ಲಲ್ಲಿ ಕಪ್ಪಾಗಿದ್ದವು. ನಾನು ಕಾಪುವಿನ ದೋಣಿಯವರ ಮನೆಯವನು. ಮಳೆಗಾಲಕ್ಕೆ ದೋಣಿ ದಡಕ್ಕೆಳೆದ ಮೇಲೆ ಅಪ್ಪ ಕಬ್ಬಿಣದ ಒಂದೊಂದು ಸಾಮಾನಿಗೂ ಎಣ್ಣೆ ಹಚ್ಚಿ ಇಡುತ್ತಿದ್ದರು. ಕಡಲ ಗಾಳಿಗೆ ಅದೇ ಮದ್ದು. ಹಿಂದಿನ ವರ್ಷದ ಆಯುಧ ಪೂಜೆಯ ದೀಪಕ್ಕೆಂದು ತಂದಿದ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಉಳಿದಿತ್ತು. ಹಳೆಯ ಬನಿಯನ್ ತುಂಡು ಅದ್ದಿ ಎಲ್ಲ ಕಾರ್ಡುಗಳ ಅಂಚಿಗೂ ಉಜ್ಜಿ, ಇದ್ದಲ್ಲೇ ಇಟ್ಟೆ. ದೊಡ್ಡ ಉಪಕಾರ ಮಾಡಿದೆನೆಂದು ಸಂತೋಷಪಟ್ಟೆ.

ಅಣ್ಣ ಮರಳಿದ ಮೇಲೆ ಯಂತ್ರ ಲೆಕ್ಕ ತಪ್ಪತೊಡಗಿತು, ನಡುನಡುವೆ ನಿಂತುಬಿಡುತ್ತಿತ್ತು. ಕಾರಣ ಹುಡುಕಿದವರಿಗೆ ಕಂಡದ್ದು ಅಣ್ಣನ ಮೇಜಿನ ಮೇಲಿನ ಚಾ ಗ್ಲಾಸಿನ ಗುರುತು. ಒಮ್ಮೆ ಯಂತ್ರದ ಪಕ್ಕದಲ್ಲೇ ಚಾ ಚೆಲ್ಲಿದ್ದು ಹೌದೆಂದು ಅಣ್ಣನೇ ಒಪ್ಪಿಕೊಂಡರು. ಕಾಲೇಜಿನವರು ಅವರನ್ನು ಸ್ಟೋರಿನ ಕೆಲಸಕ್ಕೆ ಹಾಕಿದರು, ಯಂತ್ರವನ್ನು ಗೋಡೌನಿಗೆ. ಅದನ್ನು ಹೊರುವಾಗ ಬಾಗಿಲು ತೆರೆದುಕೊಂಡು ಒಂದು ಕಾರ್ಡಿನ ಅಂಚು ನನ್ನ ಬೆರಳಿಗೆ ತಾಗಿತು. ಹಸಿರು ಜಿಡ್ಡು. ಮೂಸಿದೆ, ಹಳಸಿದ ಎಣ್ಣೆಯ ವಾಸನೆ. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹೊರಲು ಕೈ ಕೊಟ್ಟೆ.

ಇಬ್ಬರೂ ನಿವೃತ್ತರಾದ ಮೇಲೂ ನಾನು ಆಗಾಗ ಅಣ್ಣನ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಅವರು ಹೇಳುತ್ತಿದ್ದರು: "ನನ್ನ ಒಂದು ಗ್ಲಾಸ್ ಚಾ ಅದರ ಜೀವ ತೆಗೆಯಿತು ಮಾರಾಯ." ನಾನು ಹೌದೆಂಬಂತೆ ತಲೆ ಆಡಿಸುತ್ತಿದ್ದೆ.

ಕಳೆದ ವರ್ಷ ಕಾಲೇಜಿನ ಲೆಕ್ಚರರ್ ಮೇಡಂ ಒಬ್ಬರು ಆ ಯಂತ್ರವನ್ನು ಹೊರತೆಗೆಸಿ, ಮತ್ತೆ ನಡೆಯುವಂತೆ ಮಾಡುತ್ತೇನೆಂದು ಹಟ ಹಿಡಿದರು. ಹಳಬ ನಾನೊಬ್ಬ ಹತ್ತಿರದಲ್ಲಿದ್ದೇನೆಂದು ಕರೆಸಿದರು. ಅವರು ಕಾರ್ಡುಗಳನ್ನು ನೀರಿನಲ್ಲಿ ತೊಳೆದು ಬ್ರಷ್ ಹಾಕುತ್ತಿದ್ದರು.

"ಉಪ್ಪುಗಾಳಿಯ ಕೊಳೆ ಆದ್ರೆ ನೀರಿಗೆ ಹೋಗ್ಬೇಕಿತ್ತಲ್ವಾ ಅಂಕಲ್? ಇದೆಂತ ಅಂಟು?"

"ಹಳೆಯದಲ್ವಾ ಮೇಡಂ," ಎಂದೆ.

"ಇದೊಂದು ವಾರ ನೋಡ್ತೇನೆ. ಆಗದಿದ್ರೆ ಗುಜರಿಗೆ."

ಗುಜರಿಗೆ ಹೋದರೆ ಅಣ್ಣನ ಮೇಲಿನ ಅಪವಾದವೂ ಹಾಗೆಯೇ ಉಳಿಯುತ್ತದೆ. ಮರುದಿನ ಕಾರ್ಕಳದ ಬಸ್ಸು ಹತ್ತಿದೆ. ಅಣ್ಣ ಜಗಲಿಯಲ್ಲಿ ಕೂತು ಸಣ್ಣ ಕತ್ತಿಯಿಂದ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು.

"ಚಾ ಅಲ್ಲ ಅಣ್ಣ, ಎಣ್ಣೆ. ನೀವು ನಾಟಿಗೆ ಹೋದಾಗ ಕಾರ್ಡಿಗೆ ನಾನು ಹಚ್ಚಿದ್ದು."

ಕತ್ತಿ ನಿಂತಿತು. "ಎಂತ ಎಣ್ಣೆ?"

"ತೆಂಗಿನೆಣ್ಣೆ."

"ನಿನ್ನ ತಲೆಗೆ ಹಚ್ಚಿಕೊಳ್ಳಬಾರದಿತ್ತಾ? ಸ್ವಲ್ಪ ತಂಪಾದ್ರೂ ಆಗ್ತಿತ್ತು."

ನಾನು ನಗಲು ನೋಡಿದೆ. ಅವರು ನಗಲಿಲ್ಲ. ಕತ್ತಿ ಕೆಳಗಿಟ್ಟು ಕೇಳಿದರು: "ಅವತ್ತಿನಿಂದ ನಾನು ಚಾ ಮುಟ್ಟಲಿಲ್ಲ. ಗೊತ್ತುಂಟಾ ನಿನಗೆ?"

ಅವರು ನನಗೆ ಚಾ ಕೊಟ್ಟು ತಾವು ಬಿಸಿನೀರು ಕುಡಿಯುವುದನ್ನು ಎಷ್ಟೋ ವರ್ಷ ನೋಡಿದ್ದೆ. ಸಕ್ಕರೆ ಕಾಯಿಲೆ ಇರಬೇಕೆಂದುಕೊಂಡಿದ್ದೆ. ಕೇಳಿರಲಿಲ್ಲ.

"ಕ್ಷಮಿಸಬೇಕು ಅಣ್ಣ."

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ತೊಳೆಯುವವರಿಗೆ ಹೇಳು. ಎಣ್ಣೆಗೆ ನೀರು ಹಾಕಿದ್ರೆ ಹೋಗ್ತದಾ?"

ಮೇಡಂಗೆ ಹೇಳಿದೆ. ಅವರು ಬ್ರಷ್ ಕೆಳಗಿಟ್ಟು, "ಮೊದಲೇ ಹೇಳ್ಬಹುದಿತ್ತು ಅಂಕಲ್," ಎಂದರು, ಅಷ್ಟೆ. ಆಮೇಲೆ ಸ್ಪಿರಿಟ್ ತರಿಸಿ ಜಿಡ್ಡು ಕರಗಿಸಿದರು, ಪೆನ್ಸಿಲಿನ ರಬ್ಬರಿನಿಂದ ಪಟ್ಟಿಗಳನ್ನು ಉಜ್ಜಿದರು. ತಾಮ್ರ ತಿಂದುಹೋದ ಕಡೆ ಕೂದಲಿನಂಥ ತಂತಿಯಿಟ್ಟು ಬೆಸುಗೆ ಹಾಕಿದರು. ನನಗೆ ಕೊಟ್ಟದ್ದು ಫ್ಯಾನ್ ಒರೆಸುವ ಕೆಲಸ.

ಯಂತ್ರ ಚಾಲೂ ಮಾಡುವ ದಿನ ಅಣ್ಣ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದರು. ಕಾಲೇಜಿನ ಹತ್ತಾರು ಮಂದಿ ಸೇರಿದ್ದರು. ಕೀಲಿ ತಿರುಗಿಸುವ ಮೊದಲು ನಾನು ಎಲ್ಲರೆದುರು ಹೇಳಿದೆ, ಇದು ಕೆಟ್ಟದ್ದು ಚಾದಿಂದ ಅಲ್ಲ, ನನ್ನಿಂದ ಎಂದು. ಹೇಳಿ ಬಾಗಿಲ ಬಳಿ ಹೋಗಿ ನಿಂತೆ. ಅಣ್ಣ ಕೀಲಿ ತಿರುಗಿಸಿದರು. ಫ್ಯಾನ್ ಗುಂಯ್‌ಗುಟ್ಟಿತು, ಕೆಂಪು ದೀಪಗಳು ಸಾಲಾಗಿ ಹತ್ತಿಕೊಂಡವು.

"ಬಾ ಮಾರಾಯ, ಅಲ್ಲಿ ಎಂತ ನಿಂತದ್ದು? ಹತ್ತಿರ ಬಂದು ನೋಡು," ಎಂದು ಅಣ್ಣ ಕರೆದರು. "ಮುಟ್ಟಬೇಡ, ಅಷ್ಟೆ."

ಎಲ್ಲರೂ ನಕ್ಕರು. ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡು ಹತ್ತಿರ ಹೋದೆ.

ಆಮೇಲೆ ಹೊರಗಿನ ವರಾಂಡದಲ್ಲಿ ಚಾ ಬಂತು. ಮೇಡಂ ತಾವೇ ಒಂದು ಗ್ಲಾಸ್ ಎತ್ತಿ ಅಣ್ಣನಿಗೆ ಕೊಡಲು ಹೋದರು. ಅಣ್ಣ ಕೈ ಮುಂದೆ ಮಾಡಿ, ಮತ್ತೆ ಹಿಂದೆ ತೆಗೆದರು.

"ಬೇಡ ಮಗಾ. ಅಭ್ಯಾಸ ತಪ್ಪಿ ಹೋಯಿತು."

ನನ್ನ ಕೈಯಲ್ಲಿ ಗ್ಲಾಸಿತ್ತು. ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.