ಹುರಿದ ಕೆರೆಮಣ್ಣು

ನನ್ನ ಮೊಮ್ಮಗಳು ಪಲ್ಲವಿ ಎರಡೂವರೆ ವರ್ಷಕ್ಕೆ ಮಾತು ಬಿಟ್ಟಳು. ಮೊದಲು ‘ಅಜ್ಜಿ’ ಹೋಯಿತು. ಆಮೇಲೆ ‘ಬಾ’ ಎನ್ನುವುದೂ ಹೋಯಿತು. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ನಾನು ದೃಷ್ಟಿ ತೆಗೆದೆ. ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಜಂತುಹುಳಕ್ಕೆ ಸಿರಪ್ ಕೊಟ್ಟರು.

ನಾನು ಅಂಗನವಾಡಿ ಟೀಚರ್ ಆಗಿದ್ದವಳು. ಊರಿನ ಮಕ್ಕಳನ್ನೆಲ್ಲ ತೂಕಕ್ಕೆ ಹಾಕಿದವಳು. ನನ್ನ ಮನೆಯ ಮಗು ಸೊರಗಿದ್ದು ಮಾತ್ರ ತಡವಾಗಿ ಕಂಡಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ರಿಪೋರ್ಟ್ ನೋಡಿ ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು.

“ಮಗು ಮಣ್ಣು ತಿನ್ನುತ್ತಾ?”

ನಾನು ಸೊಸೆಯ ಕಡೆ ನೋಡಿದೆ.

ಸೊಸೆ ಮಂಜುಳ ಬಸುರಿಯಾಗಿದ್ದಾಗ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಬಯಕೆ, ಮಣ್ಣು. ಮಣ್ಣು ತಿನ್ನಬೇಡಿ, ಕಬ್ಬಿಣದ ಮಾತ್ರೆ ನುಂಗಿ ಎಂದು ಊರಿನ ಬಸುರಿಯರಿಗೆಲ್ಲ ಗದರುತ್ತಿದ್ದ ನಾನು, ಅವಳ ಮುಖ ನೋಡಲಾರದೆ, ಬತ್ತಿದ ಕೆರೆಯ ಅಂಗಳದಿಂದ ನುಣುಪಾದ ಗೋಡುಮಣ್ಣು ತಂದೆ. ಕಲ್ಲು ಆರಿಸಿ, ಹಂಚಿನ ಮೇಲೆ ಹುರಿದು, ಡಬ್ಬಿಗೆ ತುಂಬಿದೆ. ನಮ್ಮಮ್ಮ ನನಗೂ ಹಾಗೇ ಕೊಟ್ಟಿದ್ದಳು. ಹೆರಿಗೆಯಾದ ಮೇಲೂ ಮಂಜುಳಳ ಚಟ ಬಿಡಲಿಲ್ಲ. ಮಗುವೂ ಡಬ್ಬಿಗೆ ಕೈ ಹಾಕಲು ಕಲಿಯಿತು. ನಾನು ನಗುತ್ತಿದ್ದೆ. ಖಾಲಿಯಾದಾಗಲೆಲ್ಲ ಮತ್ತೆ ತುಂಬುತ್ತಿದ್ದೆ.

ಆ ಕೆರೆಗೆ ನೀರು ಬರುವುದು ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಕಡೆಯಿಂದ, ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ರಾಶಿಗಳವು. ಮಳೆ ಬಂದರೆ ದಿಬ್ಬದ ಪುಡಿ ಹರಿದು ಬಂದು ಕೆರೆಯ ತಳ ಸೇರುತ್ತದೆ. ಹಿಂದೊಮ್ಮೆ ಯಾವುದೋ ಕಾಲೇಜಿನವರು ಬಂದು ತಳದ ಮಣ್ಣನ್ನು ಕವರುಗಳಲ್ಲಿ ತುಂಬಿಕೊಂಡಿದ್ದರು. ಇದರಲ್ಲಿ ಸೀಸ, ಆರ್ಸೆನಿಕ್ ಇರಬಹುದು, ಹೊಲಕ್ಕೂ ಹೊಡೆಯಬೇಡಿ ಎಂದಿದ್ದರು. ನೀರು ತಿಳಿಯಾಗೇ ಇದೆಯಲ್ಲ ಎಂದು ನಾನೇ ಟೀ ಕೊಟ್ಟು ಕಳಿಸಿದ್ದೆ.

ಮಗುವಿನ ರಕ್ತದಲ್ಲಿದ್ದದ್ದು ಸೀಸ.

“ಮಣ್ಣು ಯಾರು ತಂದ್ರು?” ಮಂಜುಳ ಡಬ್ಬಿಯ ವಿಷಯ ಹೇಳಿದ ಮೇಲೆ ಡಾಕ್ಟರಮ್ಮ ಕೇಳಿದರು.

“ನಾನೇ ತಂದ್ಕೊಂಡಿದ್ದು ಮೇಡಂ,” ಅಂದಳು ಮಂಜುಳ.

ನಾನು ಮಗುವಿನ ಕೂದಲು ಸರಿಮಾಡುತ್ತ ಕೂತೆ. ಫೈಲಿನಲ್ಲಿ ಹಾಗೇ ಬರೆದುಕೊಂಡರು.

ಮಗ ಸೀನ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಗಾರೆ ಕೆಲಸದವನು. ಬಂಗಾರಪೇಟೆಗೆ ವಾಪಸ್ಸು ಬರುವ ರೈಲಿನಲ್ಲಿ ಎಲ್ಲರೆದುರು ಹೆಂಡತಿಯನ್ನು ಬೈದ. “ಅನ್ನ ಇರ್ಲಿಲ್ವೇನೇ ನಿಂಗೆ? ಮಣ್ಣು ತಿಂದು ತಿನ್ಸಿ ನನ್ ಮಗೀನ ಮೂಗಿ ಮಾಡ್ದಲ್ಲೇ.” ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಹದಿನೇಳು ದಿನ ಅದೇ ಬೈಗುಳ. ಹದಿನೇಳು ದಿನ ನಾನು ಹೇಡಿ. ಊರಿಗೆ ಬುದ್ಧಿ ಹೇಳಿದ ಟೀಚರಮ್ಮ ಎಂಬ ಹೆಸರನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಮರುದಿನ ಅವನು ಕೈ ಎತ್ತಿದ. ಆಗ ಹೇಳಿದೆ. “ಅವಳ್ನ ಯಾಕ್ಲಾ ಒಡೀತೀಯ? ಮಣ್ಣು ತಂದಿದ್ದು ನಾನು. ಡಬ್ಬಿ ತುಂಬಿದ್ದೂ ನಾನೇ ಕಣ್ಲಾ.”

ಸೀನ ಕೈ ಇಳಿಸಿದ. ಊಟ ಮಾಡದೆ ಹೊರಟುಹೋದ.

ಮಂಜುಳ ಪಕ್ಕಕ್ಕೆ ಬಂದು ಕೂತಳು. “ಯಾಕೇಳಿದ್ರಿ ಅತ್ತಮ್ಮ? ನಾನು ಬೈಸ್ಕೊಂಡಿರ್ತಿದ್ದೆ. ಅವ್ರು ನಿಮ್ ಕೈಗೆ ಪಾಪೂನ ಕೊಡ್ಬೇಡ ಅಂದ್ಬಿಟ್ರೆ, ನಾನು ಕೂಲಿಗೋದಾಗ ಯಾರ್ ನೋಡ್ಕೊಂತಾರೆ?”

ಈಗ ಚಿಕಿತ್ಸೆ ನಡೆದಿದೆ. ರಕ್ತದಲ್ಲಿ ಸೀಸ ಇಳಿಯುತ್ತಿದೆ. ಮೂಳೆಗೆ ಸೇರಿದ್ದು ಹೋಗಲು ವರ್ಷಗಳೇ ಬೇಕಂತೆ. ಮಾತು ಮರಳುತ್ತದೆಂದು ಡಾಕ್ಟರಮ್ಮ ಹೇಳಲಿಲ್ಲ. ನಾನೂ ಕೇಳುವುದನ್ನು ಬಿಟ್ಟೆ. ಕೆರೆಯ ತಳದಲ್ಲಿರುವುದು ಅಲ್ಲೇ ಇದೆ. ಅದನ್ನು ತೆಗೆಯುವವರು ಯಾರೂ ಬಂದಿಲ್ಲ, ಬರುತ್ತಾರೆಂದು ನನಗೇನೂ ಅನ್ನಿಸುವುದಿಲ್ಲ.

ಸೀನ ನನ್ನೊಡನೆ ಮಾತಾಡುವುದಿಲ್ಲ. ಆದರೂ ಬೆಳಿಗ್ಗೆ ರೈಲಿಗೆ ಹೊರಡುವ ಮುಂಚೆ ಮಗುವನ್ನು ತಂದು ನನ್ನ ಮಡಿಲಲ್ಲಿ ಕೂರಿಸುತ್ತಾನೆ. ಅಷ್ಟು ಉಳಿದಿದೆ, ಅದಕ್ಕೇ ಕೈ ಮುಗಿಯುತ್ತೇನೆ. ಸಂಜೆ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲು, ನನ್ನೆದುರೇ, ಮಗುವಿನ ಬಾಯಿ ತೆರೆಸಿ, ಮಣ್ಣಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಮೊದಮೊದಲು ನನಗೆ ಅಳು ಬರುತ್ತಿತ್ತು. ಈಗ ಅವನ ಹೆಜ್ಜೆ ಸದ್ದು ಕೇಳಿದೊಡನೆ ನಾನೇ ಪಲ್ಲವಿಗೆ ಹೇಳುತ್ತೇನೆ.

“ಆ ಅನ್ನು ಕಂದ.”

ಅವಳು ಸದ್ದಿಲ್ಲದೆ ಬಾಯಿ ತೆರೆಯುತ್ತಾಳೆ.